ಸಿರಿಯ ಮೊಮ್ಮಕ್ಕಳು: ತುಳು ಮಹಾಕಾವ್ಯದಲ್ಲಿ ನೋವಿನ ವಾರಸಿಕೆ

ಸಿರಿ ಕಾವ್ಯವನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಸಿರಿಯಲ್ಲಿಯೇ ನಿಂತುಬಿಟ್ಟಿದೆ. ಬಸ್ರೂರಿನ ಕಾಂತು ಪೂಂಜನು ಬಯಕೆಯ ಸೀರೆಯನ್ನು ಮೊದಲು ಸೂಳೆ ಸಿದ್ದುವಿಗೆ ಉಡಿಸಿದುದು, ಸಿರಿ ಅದನ್ನು ನಿರಾಕರಿಸಿದುದು, ಮುಂದೆ ಗಂಡನನ್ನೇ ತೊರೆದುದು: ಇವು ಸ್ತ್ರೀಸ್ವಾತಂತ್ರ್ಯದ ನಿದರ್ಶನಗಳಾಗಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಆದರೆ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ, ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಹಾಗೂ ಆನೆಲಿ ಹಾಂಕೊ ಅವರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದ 15,683 ಸಾಲುಗಳ ಪಠ್ಯ ಅಲ್ಲಿಗೆ ಮುಗಿಯುವುದಿಲ್ಲ. ಅದು ಮಗಳು ಸೊನ್ನೆಯನ್ನೂ ಮೊಮ್ಮಕ್ಕಳಾದ ಅಬ್ಬಗ-ದಾರಗರನ್ನೂ ಹಿಂಬಾಲಿಸುತ್ತದೆ. ಈ ಉತ್ತರಭಾಗವನ್ನು ಅನುಬಂಧವೆಂಬಂತೆ ಓದುವುದು ಕಾವ್ಯಕ್ಕೆ ಮಾಡುವ ಅನ್ಯಾಯ.

ಸಿರಿ ನಡೆದ ದಾರಿ ಕಡಿದುಕೊಳ್ಳುವಿಕೆಗಳ ಸರಣಿ. ಗಂಡನ ಮನೆ ಹೋಯಿತು. ಅಜ್ಜ ಬಿರ್ಮಾಳ್ವನ ಸತ್ಯನಾಪುರ ಕೈತಪ್ಪಿತು. ಹಸುಳೆ ಕುಮಾರನನ್ನು ಆಕೆಯೇ ಮಾಯಮಾಡಿದಳು. ಪ್ರತಿಯೊಂದು ನಿರ್ಧಾರವೂ ನ್ಯಾಯವಾದದ್ದು, ಅನಿವಾರ್ಯವಾದದ್ದು. ಕೊಡ್ಸರಾಳ್ವನೊಡನೆ ಎರಡನೆಯ ಬಾಳು ಕಟ್ಟಿಕೊಂಡ ಮೇಲೂ ಸೊನ್ನೆಯನ್ನು ಹೆತ್ತು ಆಕೆ ಮಾಯಕ್ಕೆ ಸಲ್ಲುತ್ತಾಳೆ. ಹೀಗಾಗಿ ಸೊನ್ನೆಗೆ ತಾಯಿಯ ಮುಖವಿಲ್ಲ, ತಾಯಿಯ ಬಾಯಿಂದ ಕೇಳಿದ ಕಥೆಯೂ ಇಲ್ಲ. ಮಾತಾಗಿ ದಾಟಬೇಕಾದುದು ಇಲ್ಲಿ ಇಲ್ಲದಿರುವಿಕೆಯಾಗಿ ದಾಟುತ್ತದೆ.

ಗುರುಮಾರ್ಲನ ಕೈಹಿಡಿದ ಸೊನ್ನೆ ಬಹುಕಾಲ ಮಕ್ಕಳಿಲ್ಲದೆ ಕೊರಗಿ, ಬೆರ್ಮರಿಗೆ ಹರಕೆ ಹೊತ್ತು, ಅವಳಿ ಹೆಣ್ಣುಗಳನ್ನು ಪಡೆಯುತ್ತಾಳೆ. ಹರಕೆ ಮರೆತುಹೋಗುತ್ತದೆ. ಇದನ್ನು ಭಕ್ತಿಲೋಪ, ಅದಕ್ಕೆ ಒದಗಿದ ದೈವಶಿಕ್ಷೆ ಎಂದಷ್ಟೇ ವಿವರಿಸುವುದು ವಾಡಿಕೆ. ಈ ವಿವರಣೆ ತಪ್ಪಲ್ಲ, ಸಾಲದು. ಹಿಂದಿನದನ್ನು ತೊರೆದೇ ಬದುಕಿದ ಸಂತತಿಯಲ್ಲಿ ಮರೆವು ಒಬ್ಬಳ ದೋಷವಾಗಿ ಉಳಿಯುವುದಿಲ್ಲ. ಅದು ಬದುಕುವ ಕ್ರಮವೇ ಆಗಿಬಿಟ್ಟಿರುತ್ತದೆ. ಅದರ ಸಾಲ ತೀರಿಸುವವರು ಏನನ್ನೂ ಅರಿಯದ ಮಕ್ಕಳು. ಹೆತ್ತವರು ಮನೆಯಲ್ಲಿಲ್ಲದ ಹೊತ್ತು ಚೆನ್ನೆಮಣೆಯ ಮುಂದೆ ಕುಳಿತ ಅಕ್ಕತಂಗಿಯರಲ್ಲಿ ಜಗಳ ಹುಟ್ಟಿ, ಅಬ್ಬಗ ಅದೇ ಮಣೆಯಿಂದ ದಾರಗಳನ್ನು ಹೊಡೆದು ಕೊಲ್ಲುತ್ತಾಳೆ. ಶವವನ್ನು ಬಾವಿಗೆ ತಳ್ಳಿ ತಾನೂ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದೆಂಬ ತುಳುನಾಡಿನ ನಂಬಿಕೆಗೆ ಈ ನೆನಪೇ ಆಧಾರ. ಈ ಆಟವನ್ನು ಕುರಿತು ಪೀಟರ್ ಕ್ಲಾಸ್ ಅವರು 1986ರಲ್ಲಿ ಬರೆದ ಪ್ರಬಂಧ ಇಂದಿಗೂ ಓದಬೇಕಾದುದು.

ಇಂಥ ಓದಿನಲ್ಲಿ ಅಪಾಯವೊಂದಿದೆ. ಗಂಡನನ್ನು ಬಿಟ್ಟ ಹೆಣ್ಣಿನ ಸಂತತಿ ಹಾಳಾಯಿತೆಂದು ಇದನ್ನು ತಿರುಚಲು ಹೆಚ್ಚು ಹೊತ್ತು ಬೇಕಾಗದು. ಪಠ್ಯ ಅದಕ್ಕೆ ಎಡೆಗೊಡುವುದಿಲ್ಲ. ಮೊದಲ ಗಾಯ ಆ ಸೀರೆಯದು; ಅದನ್ನು ಮಾಡಿದವನು ಕಾಂತು ಪೂಂಜ. ಎರಡನೆಯ ಮಹಾಯುದ್ಧದ ನರಮೇಧದಿಂದ ಪಾರಾದವರ ಮಕ್ಕಳನ್ನು ಕುರಿತ ಮನಃಶಾಸ್ತ್ರದ ಪರಿಭಾಷೆಯನ್ನು ಇಲ್ಲಿಗೆ ಯಥಾವತ್ತಾಗಿ ತಂದು ಹಚ್ಚುವುದೂ ಅನಗತ್ಯ. ಹೆತ್ತವರ ಆಘಾತ ಮಕ್ಕಳ ಸಂಬಂಧಗಳನ್ನು ಹೇಗೆ ರೂಪಿಸುತ್ತದೆಂಬ ಪ್ರಶ್ನೆಗೆ ಹರಕೆ, ಮರೆವು, ಮಾಯಗಳೆಂಬ ತನ್ನದೇ ಪರಿಭಾಷೆಯನ್ನು ಈ ಪರಂಪರೆ ಕಟ್ಟಿಕೊಂಡಿದೆ.

ಅದನ್ನು ಕಾಣಬೇಕಾದುದು ಆಚರಣೆಯಲ್ಲಿ. ಕವತ್ತಾರು, ನಂದಳಿಕೆ, ಹಿರಿಯಡಕಗಳ ಸಿರಿಜಾತ್ರೆಗಳಲ್ಲಿ ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಸಿರಿ, ಸೊನ್ನೆ, ಅಬ್ಬಗ, ದಾರಗರು ಒಂದೇ ರಾತ್ರಿ, ಒಂದೇ ಅಂಗಳದಲ್ಲಿ ಬರುತ್ತಾರೆ. ಕಾವ್ಯದಲ್ಲಿ ಪರಸ್ಪರ ಮುಖವನ್ನೇ ಕಾಣದ ಅಜ್ಜಿ-ಮೊಮ್ಮಕ್ಕಳು ಇಲ್ಲಿ ಒಬ್ಬರ ದನಿ ಒಬ್ಬರಿಗೆ ಕೇಳುವಷ್ಟು ಹತ್ತಿರವಿರುತ್ತಾರೆ. ಹೊಸದಾಗಿ ಆವೇಶಗೊಂಡು ತೊದಲುವ ಹೆಣ್ಣನ್ನು 'ನೀನು ಯಾರು?' ಎಂದು ಕೇಳಿ, ರೇಗಿ, ಓಲೈಸಿ, ಹೆಸರು ಹೊರಡಿಸುವ ಪಾತ್ರಿಯ ಮೈಮೇಲಿರುವವನು ಕುಮಾರ. ತಾಯಿ ಮಾಯಮಾಡಿದ್ದ ಮಗನೇ ಇಲ್ಲಿ ಕೇಳುವವನು. ಸಿರಿ ಬಂದವಳೂ ತನ್ನ ಅಳಲನ್ನು ಹೇಳಿಕೊಳ್ಳುವುದು ಅವನ ಮುಂದೆಯೇ. ಅವಳ ಹಿಂದೆ ಮನೆಯವರು ಕೈಮುಗಿದು ನಿಂತಿರುತ್ತಾರೆ. ಮನೆಯೊಳಗೆ ಆಡಲಾಗದ ಮಾತು ಅವರೆದುರಿಗೇ ಹೊರಬರುತ್ತದೆ.