ಬಸ್ಸಾರು ಬಂತು, ಪಲ್ಯ ಎಲ್ಲಿ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಫುಡ್ ಕೋರ್ಟುಗಳಲ್ಲಿ ಈಗ ಪ್ರೋಟೀನ್‌ನದೇ ಭರಾಟೆ. ಬೇಯಿಸಿದ ಮೊಟ್ಟೆ, ಕೋಳಿ, ವೇ ಪುಡಿ ಕದಡಿದ ಶೇಕ್. ಪ್ರೋಟೀನ್ ಸಿಗುತ್ತದೆ, ಸುಳ್ಳಲ್ಲ. ಆದರೆ ಮೊಟ್ಟೆಯಲ್ಲೂ ಕೋಳಿಯಲ್ಲೂ ನಾರು ಸೊನ್ನೆ. ಅತ್ತ ಪೀಣ್ಯದ ಕಡೆ ಅನ್ನದ ಗುಡ್ಡೆಯ ಮೇಲೆ ತಿಳಿಸಾರು ಸುರಿದುಕೊಂಡು ಉಣ್ಣುವವನಿಗೆ ಎರಡೂ ಕಮ್ಮಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್, 2000 ಕ್ಯಾಲೊರಿಯ ಊಟಕ್ಕೆ 30 ಗ್ರಾಂ ನಾರು ಬೇಕು. ಇವೆರಡನ್ನೂ ಬೇರೆ ಬೇರೆ ಕಡೆ ಹುಡುಕಬೇಕಿಲ್ಲ. ಸಿಪ್ಪೆ ತೆಗೆಯದ ಕಾಳಿನಲ್ಲಿ ಎರಡೂ ಇವೆ ಎಂಬುದು ನನ್ನ ವಾದ.

ತೊಗರಿಯನ್ನೇ ನೋಡಿ. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಇಡೀ ಕಾಳಿಗೆ ಸುಮಾರು 23 ಗ್ರಾಂ ನಾರು, ಬೇಳೆಗೆ ಬರೀ 9. ಪ್ರೋಟೀನ್ ಮಾತ್ರ ಹೆಚ್ಚುಕಡಿಮೆ ಅಷ್ಟೇ. ರಾಗಿಯ ಅಭಿಮಾನಿಗಳಿಗೂ ಒಂದು ಮಾತು: ರಾಗಿಯ ಪ್ರೋಟೀನ್ ಅಕ್ಕಿಗಿಂತ ಹೆಚ್ಚೇನಲ್ಲ, ಅದರ ಮೇಲುಗೈ ನಾರಿನಲ್ಲಿ. 150 ಗ್ರಾಂ ಅಕ್ಕಿಯಲ್ಲಿ 12 ಗ್ರಾಂ ಪ್ರೋಟೀನ್, 4 ಗ್ರಾಂ ನಾರು. ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿಗೆ 100 ಗ್ರಾಂ ರಾಗಿಹಿಟ್ಟು, 50 ಗ್ರಾಂ ಹುರುಳಿಕಾಳು ಸೇರಿಸಿದರೆ 18 ಗ್ರಾಂ ಪ್ರೋಟೀನ್, 15 ಗ್ರಾಂ ನಾರು. ರಾಗಿಯಲ್ಲಿ ಕೊರತೆಯಾಗುವ ಲೈಸಿನ್ ಅನ್ನು ಕಾಳು ತುಂಬಿಕೊಡುತ್ತದೆ.

ಹುರುಳಿ ಬಸ್ಸಾರು ಇದಕ್ಕೇ ಹೇಳಿಮಾಡಿಸಿದ ಅಡುಗೆ. ರಾತ್ರಿ ನೆನೆಸಿದ ಕಾಳನ್ನು ಸೊಪ್ಪಿನ ಜೊತೆ ಬೇಯಿಸಿ ಬಸಿದು, ಆ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ ರುಬ್ಬಿ ಹಾಕಿದರೆ ಸಾರು; ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರುಚಿ ಕಟ್ಟಿನಲ್ಲಿದೆ, ಸತ್ವದ ಬಹುಪಾಲು ಪಲ್ಯದಲ್ಲಿ. ಸಾರನ್ನು ಸೌಟುಗಟ್ಟಲೆ ಬಡಿಸಿ, ಪಲ್ಯವನ್ನು ಉಪ್ಪಿನಕಾಯಿಯ ಹಾಗೆ ತಟ್ಟೆಯಂಚಿಗೆ ಸವರುವ ಕ್ಯಾಂಟೀನಿನಲ್ಲಿ ಬಸ್ಸಾರು ಉಂಡೂ ಪ್ರಯೋಜನವಿಲ್ಲ.

ಕಾಳು ತಿಂದರೆ ಹೊಟ್ಟೆಯುಬ್ಬರ ಎನ್ನುವವರಿದ್ದಾರೆ. ನಿಜ, ಒಮ್ಮೆಲೇ ಬಟ್ಟಲು ತುಂಬಾ ತಿಂದರೆ ಆಗುತ್ತದೆ. ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ, ಅರ್ಧ ಸೌಟಿನಿಂದ ಶುರುಮಾಡಿ, ನೀರು ಹೆಚ್ಚು ಕುಡಿದರೆ ಕೆಲವು ವಾರಗಳಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಕಿಡ್ನಿ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಮುದ್ದೆ ರೈತನ ಊಟ, ಕಂಪ್ಯೂಟರ್ ಮುಂದೆ ಕೂತವನಿಗೆ ಭಾರ ಎಂಬ ಆಕ್ಷೇಪ ಗಾತ್ರಕ್ಕೆ ಸಲ್ಲುತ್ತದೆ, ಪದಾರ್ಥಕ್ಕಲ್ಲ. ಮುದ್ದೆ ಸಣ್ಣದಾಗಲಿ, ಪಲ್ಯ ದೊಡ್ಡದಾಗಲಿ. ನೂರಾರು ಜನಕ್ಕೆ ಮುದ್ದೆ ತಿರುವುವ ಕೈಗಳಿಲ್ಲ ಎಂಬ ಗುತ್ತಿಗೆದಾರರ ತಕರಾರು ಒಪ್ಪತಕ್ಕದ್ದೇ. ಹಾಗಿದ್ದರೆ ಅನ್ನವೇ ಇರಲಿ, ಕಾಳುಪಲ್ಯಕ್ಕೆ ಯಾವ ಅಡ್ಡಿ? 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಇರಲಿ ಎಂದ 1948ರ ಕಾರ್ಖಾನೆ ಕಾಯ್ದೆ, ಅದರ ಸಮಿತಿಯಲ್ಲಿ ಕಾರ್ಮಿಕರಿಗೂ ಜಾಗ ಇರಲಿ ಎಂದಿತ್ತು. ಊಟದ ದರದ ಚರ್ಚೆ ಮುಗಿದ ಮೇಲೆ, ಪಲ್ಯದ ಸೌಟು ಎಷ್ಟು ದೊಡ್ಡದು ಎಂದೂ ಅಲ್ಲಿ ಕೇಳಬಹುದು.