ಬ್ಯಾಟರಿಯ ಮೇಲಿನ ಅಪವಾದ

ಜುಲೈ ಬಂತೆಂದರೆ ಪುಣೆಯಲ್ಲಿ ಕಾರಿನ ಬ್ಯಾಟರಿಗಳಿಗೆ ಕೆಟ್ಟ ಕಾಲ. ಸಂಜೆ ಆರೂವರೆಗೆ ಕರ್ವೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ಯಾವುದಾದರೂ ಗಾಡಿಯನ್ನು ನೋಡಿ. ಹೆಡ್‌ಲೈಟ್ ಉರಿಯುತ್ತಿರುತ್ತದೆ, ವೈಪರ್ ಆಡುತ್ತಿರುತ್ತದೆ, ಗಾಜಿಗೆ ಹಬೆ ಕಟ್ಟದಿರಲೆಂದು ಬ್ಲೋವರ್ ಮೂರನೇ ನಂಬರಿನಲ್ಲಿರುತ್ತದೆ, ಹಿಂದಿನ ಗಾಜಿನ ಡಿಫಾಗರ್ ಬೇರೆ. ಎಂಜಿನ್ ಮಾತ್ರ ಐಡಲ್‌ನಲ್ಲಿ ಗುರುಗುಟ್ಟುತ್ತಿರುತ್ತದೆ. ಖರ್ಚು ಪೂರ್ತಿ, ಸಂಬಳ ಅರ್ಧ. ಎಕ್ಸ್‌ಪ್ರೆಸ್‌ವೇಯಲ್ಲಿ ಲೋಣಾವಳದ ತನಕ ಹೋಗಿಬಂದರೂ ಗೊತ್ತಾಗದ, ಎಂಜಿನ್ ಜೊತೆ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಬಡತನ ಇಲ್ಲಿ ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಬಯಲಾಗುತ್ತದೆ. ಮರುದಿನ ಬೆಳಿಗ್ಗೆ ಸೆಲ್ಫ್ ‘ಟಕ್’ ಎಂದು ಸುಮ್ಮನಾದಾಗ ಎಲ್ಲರೂ ಬೈಯುವುದು ಬ್ಯಾಟರಿಯನ್ನು.

ನಮ್ಮ ಸೊಸೈಟಿಯ ಕಾಕಾ ಒಬ್ಬರು ಒಂದೇ ಮಳೆಗಾಲದಲ್ಲಿ ಎರಡು ಬ್ಯಾಟರಿ ಹಾಕಿಸಿದರು. ಪ್ರತಿಸಲವೂ ನಾಲ್ಕು ದಿನ ಗಾಡಿ ಚೆನ್ನಾಗಿಯೇ ಓಡುತ್ತಿತ್ತು, ಅಂಗಡಿಯಲ್ಲಿ ತುಂಬಿಸಿ ಕೊಟ್ಟ ಚಾರ್ಜ್ ಮುಗಿಯುವ ತನಕ. ಬ್ಯಾಟರಿಯ ಬೆಲೆಯ ಮುಂದೆ ಒಂದು ಸಾಧಾರಣ ಮಲ್ಟಿಮೀಟರಿನ ಬೆಲೆ ಏನೇನೂ ಅಲ್ಲ. ಅದೊಂದು ಮನೆಯಲ್ಲಿದ್ದಿದ್ದರೆ ಸಂಗತಿ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ; 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಚಾಲೂ ಮಾಡಿ ಮತ್ತೆ ನೋಡಿ. 13.8ರಿಂದ 14.5ರೊಳಗೆ ಬರಬೇಕು. ಬಹಳ ಜನ ಇಲ್ಲಿಗೇ ಮೀಟರ್ ಎತ್ತಿಟ್ಟುಬಿಡುತ್ತಾರೆ, ಅದು ಸಾಲದು. ಹೆಡ್‌ಲೈಟ್, ಬ್ಲೋವರ್, ಡಿಫಾಗರ್ ಎಲ್ಲ ಹಾಕಿ, ಅಂದರೆ ಕರ್ವೆ ರಸ್ತೆಯನ್ನೇ ಪಾರ್ಕಿಂಗಿಗೆ ತಂದು, ಇನ್ನೊಮ್ಮೆ ನೋಡಬೇಕು. ಆಗ 13ಕ್ಕಿಂತ ಕೆಳಗೆ ಜಾರಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಮೇಲೇಳದಿದ್ದರೆ ಕಾಯಿಲೆ ಬ್ಯಾಟರಿಯದಲ್ಲ. ಹಾಗೆಯೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ ಕರೆಂಟು; ಸಾಮಾನ್ಯವಾಗಿ ಆರು ಡಯೋಡುಗಳು ಸೇರಿ ಅದನ್ನು ಡಿಸಿ ಮಾಡುತ್ತವೆ. ಬ್ಯಾಟರಿಯ ಮೇಲೆ ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಒಂದಾದರೂ ಡಯೋಡ್ ಹೋಗಿದೆ ಎನ್ನಬಹುದು. ಎಂಜಿನ್ ವೇಗದ ಜೊತೆಗೆ ಏರಿಳಿಯುವ ಸಣ್ಣ ಕೀರಲು ಸದ್ದು ಕಾರಿನ ರೇಡಿಯೋದಲ್ಲಿ ಕೇಳಿಸಿದರೂ ಅನುಮಾನ ಅತ್ತಲೇ ಹೋಗಬೇಕು.

ಆಲ್ಟರ್ನೇಟರನ್ನು ತಪ್ಪಿತಸ್ಥನೆಂದು ಸಾರುವ ಮೊದಲು ಅದರ ಪರವಾಗಿಯೂ ಒಂದು ವಿಚಾರಣೆ ಆಗಬೇಕು. ಬೆಲ್ಟ್ ಸಡಿಲವಾಗಿ ಜಾರುತ್ತಿರಬಹುದು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ಹಸಿರು ಹಿಡಿದಿರಬಹುದು. ಎಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ ಇಡಿ. ಲೋಡ್ ಇದ್ದಾಗಲೂ 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ. ಒಂದು ವೋಲ್ಟ್ ಬಂತೋ, ವೈರಿನ ದೋಷ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹತ್ತುತ್ತದೆಯೇ ಎಂದೂ ಗಮನಿಸಿ. ಅದು ಆರದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ, ಹತ್ತದೇ ಇದ್ದರೆ ಯಾರೂ ಕೇಳುವುದಿಲ್ಲ. ಹಳೆಯ ಎಷ್ಟೋ ಗಾಡಿಗಳಲ್ಲಿ ರೋಟರಿನ ಕಾಯಿಲ್‌ಗೆ ಮೊದಲ ಕರೆಂಟು ಹೋಗುವುದೇ ಆ ದೀಪದ ಮೂಲಕ. ಬಲ್ಬ್ ಸುಟ್ಟರೆ ಚಾರ್ಜಿಂಗೇ ಶುರುವಾಗದಿರಬಹುದು.

ಒಂದು ಪರೀಕ್ಷೆಯನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಓಡುತ್ತಿರುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು, ‘ಗಾಡಿ ಬಂದ್ ಆಗಲಿಲ್ಲ ನೋಡಿ, ಡೈನಮೋ ಛಲೋ ಇದೆ’ ಎನ್ನುವ ಉಸ್ತಾದರು ಇನ್ನೂ ಇದ್ದಾರೆ. ಡೈನಮೋ ಇದ್ದ ಕಾಲದಲ್ಲಿ ಅದು ಹೇಗೋ ನಡೆದುಹೋಯಿತು. 1960ರ ಕ್ರೈಸ್ಲರ್ ವೇಲಿಯಂಟ್‌ನಿಂದ ಈಚೆಗೆ ಆಲ್ಟರ್ನೇಟರಿನ ರಾಜ್ಯ ಶುರುವಾಯಿತು, ಆಮೇಲೆ ಕಾರಿನೊಳಗೆ ಕಂಪ್ಯೂಟರುಗಳು ಬಂದು ಕೂತವು. ತುಂಬು ಕರೆಂಟು ಕೊಡುತ್ತಿರುವ ಆಲ್ಟರ್ನೇಟರಿನಿಂದ ಬ್ಯಾಟರಿಯನ್ನು ತಟ್ಟನೆ ಬಿಡಿಸಿದರೆ ಆ ಕ್ಷಣಕ್ಕೆ ಹತ್ತಾರು ವೋಲ್ಟ್ ಚಿಮ್ಮುತ್ತದೆ. ಆ ಕಂಪ್ಯೂಟರು, ಅಂದರೆ ಇಸಿಯು, ಸುಟ್ಟರೆ ಆ ಬಿಲ್ಲಿನ ಮುಂದೆ ಆಲ್ಟರ್ನೇಟರ್ ಪುಕ್ಕಟೆ ಅನಿಸೀತು.

ಮೀಟರ್ ಆಲ್ಟರ್ನೇಟರಿನತ್ತಲೇ ಬೆರಳು ತೋರಿಸಿದ ಮೇಲೆ ಕಾಕಾನ ಗಾಡಿಯದನ್ನು ಪಾರ್ಕಿಂಗಿನಲ್ಲೇ ಬಿಚ್ಚಿದೆವು. ಮೊದಲು ಬ್ಯಾಟರಿಯ ನೆಗೆಟಿವ್, ಹತ್ತರ ಪಾನಾದಲ್ಲಿ. ಈ ಕ್ರಮ ಶಾಸ್ತ್ರಕ್ಕಲ್ಲ. ಆಲ್ಟರ್ನೇಟರಿನ ಆ ದಪ್ಪ ವೈರಿಗೆ ಕೀಲಿ ತೆಗೆದಿದ್ದರೂ ಬ್ಯಾಟರಿ ಕರೆಂಟು ಇದ್ದೇ ಇರುತ್ತದೆ. ಪಾನಾ ಬಾಡಿಗೆ ತಗುಲಿದರೆ ಕಬ್ಬಿಣವೇ ಕರಗುತ್ತದೆ. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹಾದಿದೆ ಎಂಬುದರ ಫೋಟೊ ಫೋನಿನಲ್ಲಿರಲಿ. ಆಮೇಲೆ ಕಪ್ಲರ್, ರಬ್ಬರ್ ಟೋಪಿಯ ಕೆಳಗಿನ ನಟ್ಟು, ಅಡ್ಜಸ್ಟರ್ ಬೋಲ್ಟು, ಕೊನೆಗೆ ಕೆಳಗಿನ ಉದ್ದನೆಯ ಬೋಲ್ಟು. ಕೆಲವು ಗಾಡಿಗಳಲ್ಲಿ ಮುಂಚಕ್ರ ತೆಗೆದು ಅಡಿಯಿಂದಲೇ ಕೈಹಾಕಬೇಕಾಗುತ್ತದೆ. ಹಾಗಿದ್ದರೆ ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಇದೇ ಊರಿನ ಟಾಟಾ ಕಾರ್ಖಾನೆಯಿಂದ 1998ರ ಕೊನೆಗೆ ಬಂದ ಇಂಡಿಕಾದಂಥ ಹಳೆಯ ಡೀಸೆಲ್ ಗಾಡಿ ನಿಮ್ಮದಾಗಿದ್ದರೆ ಆಲ್ಟರ್ನೇಟರಿನ ಬೆನ್ನಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರಬಹುದು. ಅದರ ಆಯಿಲ್ ಪೈಪು, ವ್ಯಾಕ್ಯೂಮ್ ಹೋಸು ಸರಿಯಾಗಿ ಕೂರದಿದ್ದರೆ ಚಾರ್ಜಿಂಗಿನ ಮಾತಿರಲಿ, ಬ್ರೇಕೇ ಕಲ್ಲಾಗುತ್ತದೆ.

ಹೊಸದೋ ರಿಪೇರಿಯೋ? ನಾನು ರಿಪೇರಿಯ ಪಕ್ಷ. ಬಿಡಿಭಾಗಗಳ ಪೇಟೆಯಾದ ನಾನಾ ಪೇಟೆಯಲ್ಲಿ ನನಗೊಬ್ಬ ಆಟೋ ಎಲೆಕ್ಟ್ರಿಷಿಯನ್ ಗೊತ್ತು, ಇಂಡಿ ಕಡೆಯವನು. ಕಾಕಾನ ಆಲ್ಟರ್ನೇಟರನ್ನು ಅವನ ಕೈಗಿಟ್ಟಾಗ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ಹಿಂಬದಿಯ ಮುಚ್ಚಳ ತೆಗೆದ. “ಹೊಸಾದ್ಯಾಕ್ರೀ ಸರ? ಕಾರ್ಬನ್ ಸವದಾವು, ಬೇರಿಂಗ್ ಕೂಗಾಕತ್ತೈತಿ. ಎರಡೂ ಹಾಕಿಡ್ತೀನಿ, ಸಂಜೀಕ ಬರ್ರಿ.” ಕಾರ್ಬನ್ ಬ್ರಷ್ಷಿನ ಒಂದು ತುಂಡು ನಾಲ್ಕೈದು ಮಿಲಿಮೀಟರಿಗೆ ಬಂದಿತ್ತು, ಹಿಂದಿನ ಸ್ಪ್ರಿಂಗಿಗೆ ಅದನ್ನು ಒತ್ತುವ ಬಲವೇ ಉಳಿದಿರಲಿಲ್ಲ. ತಾಮ್ರದ ಸ್ಲಿಪ್ ರಿಂಗುಗಳ ಮೇಲೆ ಕಪ್ಪು ಗೆರೆ. ಸ್ಟೇಟರಿನ ಸುತ್ತುಗಳು ಮಾತ್ರ ಬಣ್ಣಗೆಡದೆ ಹಾಗೇ ಇದ್ದವು. ಸುಟ್ಟ ವಾರ್ನಿಶ್ ವಾಸನೆ ಬಂದು ತಂತಿ ಕರಿಗಟ್ಟಿದ್ದರೆ ಮಾತ್ರ ಪೂರ್ತಿ ಬದಲಿಸುವುದು ಜಾಣತನ. ಆಗಲೂ ಪುಲ್ಲಿಯ ತೋಡುಗಳು, ಬೋಲ್ಟು ಹಾಯುವ ಕಿವಿಗಳ ಅಂತರ, ಆಂಪಿಯರ್, ಕಪ್ಲರಿನ ಪಿನ್ನು ಎಲ್ಲವನ್ನೂ ಹಳೆಯದರ ಪಕ್ಕದಲ್ಲಿಟ್ಟು ತಾಳೆ ನೋಡದೆ ದುಡ್ಡು ಕೊಡಬೇಡಿ.

ವಾಪಸ್ ಕೂರಿಸುವಾಗ ಆಲ್ಟರ್ನೇಟರ್ ಬ್ರಾಕೆಟ್ಟಿನೊಳಗೆ ಹೋಗುವುದಿಲ್ಲ ಎಂದು ಹಠ ಹಿಡಿಯುವುದುಂಟು. ಸುತ್ತಿಗೆ ಎತ್ತಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಕಿವಿಯೊಳಗೊಂದು ಜಾರುವ ಬುಶ್ ಇರುತ್ತದೆ. ಬಿಗಿ ಮಾಡಿದಾಗ ಮುಂದೆ ಬಂದಿರುವುದನ್ನು ವೈಸ್‌ನಲ್ಲಿಟ್ಟು ಒಂದೆರಡು ಮಿಲಿಮೀಟರ್ ಹಿಂದೆ ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ಇದನ್ನು ತಿಳಿದವನ ಕೈ ನೋಡುವುದೇ ಚಂದ. ಬೆಲ್ಟನ್ನು ವೀಣೆಯ ತಂತಿ ಮಾಡುವವರಿದ್ದಾರೆ. ಹೊಸ ಬೇರಿಂಗು ವರ್ಷದೊಳಗೆ ಮತ್ತೆ ಕೂಗುವುದು ಅವರ ಗಾಡಿಗಳಲ್ಲೇ. ಸೋತ ಬ್ಯಾಟರಿಯನ್ನು ಮೊದಲು ಚಾರ್ಜರಿನಲ್ಲಿ ತುಂಬಿಸಿ ಆಮೇಲೆ ಜೋಡಿಸಿ, ಇಲ್ಲದಿದ್ದರೆ ರಿಪೇರಿಯಾದ ಆಲ್ಟರ್ನೇಟರ್ ಮೊದಲ ದಿನವೇ ತಾಸುಗಟ್ಟಲೆ ಬೆವರಬೇಕಾಗುತ್ತದೆ.

ಈಚಿನ ಕಾರುಗಳಿರುವವರಿಗೆ ಒಂದು ಮಾತು. ಎಂಜಿನ್ನಿನ ಕಂಪ್ಯೂಟರೇ ಚಾರ್ಜಿಂಗ್ ನೋಡಿಕೊಳ್ಳುವ ಗಾಡಿಗಳಲ್ಲಿ ಇಂಧನ ಉಳಿಸಲೆಂದು ವೋಲ್ಟೇಜನ್ನು ಬೇಕೆಂದೇ 12.8ರ ಹತ್ತಿರಕ್ಕೆ ಇಳಿಸುವುದುಂಟು. ಅದನ್ನು ಕಾಯಿಲೆ ಎಂದುಕೊಳ್ಳಬೇಡಿ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ. 2015ರ ಸಿಯಾಜ್‌ನಿಂದ ಮಾರುತಿ ತಂದಿರುವ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಆದ ಯಂತ್ರವಂತೂ ಪಾರ್ಕಿಂಗಿನಲ್ಲಿ ಬಿಚ್ಚುವಂಥದ್ದಲ್ಲ.

ಕಾಕಾನ ಗಾಡಿ ಈಗ ಎಲ್ಲ ಹಾಕಿಕೊಂಡೂ ಐಡಲ್‌ನಲ್ಲಿ 14.1 ಕೊಡುತ್ತಿದೆ. ಎರಡನೇ ಬ್ಯಾಟರಿಗಾಗಿ ವಾಪಸ್ ಕೊಟ್ಟ ಮೊದಲನೆಯದರ ಬಗ್ಗೆ ಅವರು ಅಂಗಡಿಯವನ ಹತ್ತಿರ ಇನ್ನೂ ಜಗಳ ಆಡುತ್ತಿದ್ದಾರೆ.