ಬಾರ್ಬಿಯಾನಾದ ಬಾಲಕರ ಪತ್ರ

ಪರೀಕ್ಷೆಯಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯು ತಲೆತಗ್ಗಿಸಿ ಮನೆಗೆ ಹಿಂದಿರುಗುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ರೂಢಿ. ತನ್ನನ್ನು ಹೊರದೂಡಿದ ಗುರುವಿಗೆ ಅವನು ಪುಸ್ತಕರೂಪದಲ್ಲಿ ಉತ್ತರ ಕೊಟ್ಟುದು ಮಾತ್ರ ಅತಿ ವಿರಳ. ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಮುಜೆಲ್ಲೋ ಸೀಮೆಯ ಬೆಟ್ಟದೊಕ್ಕಲಿನ ಎಂಟು ಮಂದಿ ಹುಡುಗರು ಒಡಗೂಡಿ ಬರೆದು, 1967ರಲ್ಲಿ ಪ್ರಕಟವಾದ 'ಉಪಾಧ್ಯಾಯಿನಿಗೊಂದು ಪತ್ರ' ಅಂತಹದೊಂದು ಉತ್ತರ. ಇದರ ಆಕ್ರೋಶವು ಸುಪ್ರಸಿದ್ಧವಾದುದು. ಆದರೆ ಆ ಆಕ್ರೋಶಕ್ಕೆ ಬಲವನ್ನಿತ್ತ ತರಗತಿಯೊಂದರ ಚಿತ್ರವೇ ಈ ಕೃತಿಯ ನಿಜವಾದ ಸಂಪತ್ತೆಂದು ನಾನು ಭಾವಿಸುತ್ತೇನೆ.

ಆ ತರಗತಿಯನ್ನು ಕಟ್ಟಿದವನು ಲೊರೆಂಝೋ ಮಿಲಾನಿ ಎಂಬ ಪಾದ್ರಿ. 1923ರಲ್ಲಿ ಫ್ಲಾರೆನ್ಸಿನ ಸಿರಿವಂತ ವಿದ್ಯಾವಂತ ಮನೆತನದಲ್ಲಿ ಹುಟ್ಟಿ, 1947ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ಕಾಲೆಂಝಾನೋ ಎಂಬಲ್ಲಿ ದುಡಿಯುವ ಯುವಕರಿಗಾಗಿ ರಾತ್ರಿಶಾಲೆ ನಡೆಸಿ, ಹಿರಿಯ ಧರ್ಮಾಧಿಕಾರಿಗಳ ಅಸಮಾಧಾನಕ್ಕೆ ಗುರಿಯಾದ ಈತನನ್ನು 1954ರ ಡಿಸೆಂಬರಿನಲ್ಲಿ ಬಾರ್ಬಿಯಾನಾ ಎಂಬ, ಇಗರ್ಜಿಯೊಂದು ಮತ್ತು ಚದರಿದ ಕೆಲವು ಮನೆಗಳಲ್ಲದೆ ಬೇರೇನೂ ಇಲ್ಲದ ಬೆಟ್ಟದೂರಿಗೆ ಅಟ್ಟಿದರು. ಶಿಕ್ಷೆಯೆಂದು ಕೊಟ್ಟ ಸ್ಥಳವನ್ನು ಆತನು ಶಾಲೆಯನ್ನಾಗಿ ಮಾಡಿಕೊಂಡನು.

ಅಲ್ಲಿ ಸಾಲುಬೆಂಚುಗಳಿರಲಿಲ್ಲ, ಗುರುಪೀಠವಿರಲಿಲ್ಲ. ದೊಡ್ಡ ಮೇಜುಗಳ ಸುತ್ತ ಮಕ್ಕಳು ಕೂಡುತ್ತಿದ್ದರು. ಪುಸ್ತಕ ಒಂದೊಂದೇ ಪ್ರತಿಯಾದುದರಿಂದ ಎಲ್ಲರೂ ಅದರ ಮೇಲೆಯೇ ಬಾಗಬೇಕಾಗಿತ್ತು. ಅವರಲ್ಲಿ ತುಸು ದೊಡ್ಡವನೊಬ್ಬನು ಉಳಿದವರಿಗೆ ಕಲಿಸುತ್ತಿದ್ದನು. ಕಲಿಸುವವರಲ್ಲಿ ಹನ್ನೆರಡರ ಪ್ರಾಯದವರೂ ಇದ್ದರೆಂಬುದನ್ನು ನೆನೆದರೆ, ಗುರುತ್ವವೆಂಬುದು ಅಲ್ಲಿ ಎಷ್ಟು ಸಹಜವಾಗಿ ಕೈಯಿಂದ ಕೈಗೆ ಸಾಗುತ್ತಿತ್ತೆಂಬುದು ವಿದಿತವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಮಂದಗತಿಯವನಿಗೆ ಅಲ್ಲಿದ್ದ ಸ್ಥಾನ. ಅಡಿಪಾಯವಿಲ್ಲದವನು, ನಿಧಾನಿ, ಅನ್ಯಮನಸ್ಕ—ಇಂಥವನೇ ಆ ಶಾಲೆಯ ಅಚ್ಚುಮೆಚ್ಚಿನವನು; ಅವನಿಗೆ ಅರ್ಥವಾಗುವ ತನಕ ಪಾಠವು ಮುಂದಕ್ಕೆ ಸಾಗುತ್ತಿರಲಿಲ್ಲ. ತರಗತಿಯಲ್ಲಿ ಐಕ್ಯಭಾವವನ್ನು ಬೆಳೆಸಬೇಕೆಂದು ಉಪನ್ಯಾಸ ಮಾಡುವವರು ಅನೇಕರು. ಆದರೆ ಜಾಣನ ಮುನ್ನಡೆಯನ್ನು ದುರ್ಬಲನ ಅರಿವಿಗೆ ಕಟ್ಟಿಹಾಕುವ ಈ ನಿಯಮವೊಂದಿಲ್ಲದಿದ್ದರೆ ಆ ಐಕ್ಯವು ಪ್ರಾರ್ಥನೆಯ ಹೊತ್ತಿನ ಹಾಡಿಗಿಂತ ಆಚೆಗೆ ಬಾಳದು. ಬಾರ್ಬಿಯಾನಾದ ಮಕ್ಕಳು ಪರಸ್ಪರ ಹೊಣೆಗಾರರಾಗಿದ್ದರು. ಆ ಹೊಣೆಯೊಳಗಿನಿಂದಲೇ ಅವರ ಸ್ನೇಹವು ಅಂಕುರಿಸಿತು.

ಪತ್ರವನ್ನು ರಚಿಸಿದ ರೀತಿಯೂ ಈ ಬಾಂಧವ್ಯಕ್ಕೆ ಸಾಕ್ಷಿಯೇ. ಪ್ರಾಥಮಿಕ ಶಾಲೆಯ ಅಧ್ಯಾಪಕ ಮಾರಿಯೋ ಲೋದಿಯ ತರಗತಿಯೊಡನೆ 1963ರಲ್ಲಿ ನಡೆದ ಓಲೆಗಳ ವಿನಿಮಯದಿಂದ ಅವರು ಸಾಮೂಹಿಕ ಬರವಣಿಗೆಯನ್ನು ರೂಢಿಸಿಕೊಂಡಿದ್ದರು. ಹೊಳೆದ ಒಂದೊಂದು ವಿಚಾರವನ್ನೂ ಒಂದೊಂದು ಚೀಟಿಯ ಮೇಲೆ ಬರೆಯುವುದು, ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಮತ್ತೆ ಬಂದುದನ್ನು ತೆಗೆದುಹಾಕುವುದು, ಸಂಬಂಧಪಟ್ಟವನ್ನು ಕಂತೆಗಟ್ಟಿ ಅಧ್ಯಾಯಗಳಾಗಿ ಜೋಡಿಸುವುದು, ಬಳಿಕ ಪ್ರತಿಯೊಂದು ವಾಕ್ಯವನ್ನೂ ಎಲ್ಲರೆದುರು ಓದಿ, ಇದಕ್ಕಿಂತ ಸರಳವಾಗಿ ಹೇಳಲಾಗದೆಂಬಲ್ಲಿಯವರೆಗೆ ಸೋಸುವುದು—ಇದು ಅವರ ಕ್ರಮ. ಮಾತು ಬಾರದವನ ಚೀಟಿಗೂ ವಾಚಾಳಿಯ ಚೀಟಿಗೂ ಆ ಮೇಜಿನ ಮೇಲೆ ಸಮಾನ ಗೌರವ. ಇಟಲಿಯ ಗದ್ಯದಲ್ಲಿ ಈ ಪತ್ರಕ್ಕೆ ದೊರೆತಿರುವ ಸ್ಥಾನಕ್ಕೆ ಈ ಸೋಸುವಿಕೆಯೇ ಕಾರಣವಾಗಿರಬೇಕು.

ಆದರೆ ಕೃತಿಯ ದೋಷಗಳನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಅತಿರೇಕದ ಪ್ರಸಂಗಗಳಲ್ಲಿ ಚಾವಟಿಯನ್ನೂ ಬಳಸುತ್ತಿದ್ದೆವೆಂದು ಪತ್ರವೇ ಹೇಳುತ್ತದೆ, ಅದೂ ಯಾವ ಅಳುಕೂ ಇಲ್ಲದೆ! ದುರ್ಬಲನಿಗಾಗಿ ಇಡೀ ತರಗತಿಯನ್ನು ನಿಲ್ಲಿಸಬಲ್ಲ ತಾಳ್ಮೆಯುಳ್ಳ ಶಾಲೆಗೆ ಈ ದಂಡದ ಅಗತ್ಯವೇಕಿತ್ತೆಂಬ ಪ್ರಶ್ನೆಗೆ ಅಲ್ಲಿ ಸಮಾಧಾನವಿಲ್ಲ. ಹೆಣ್ಣುಮಕ್ಕಳು ಬಾರದುದಕ್ಕೆ ದಾರಿಯ ದುರ್ಗಮತೆಯನ್ನೂ ತಂದೆತಾಯಿಗಳ ಮನೋಧರ್ಮವನ್ನೂ ಕಾರಣವಾಗಿ ಹೇಳಿ ಪತ್ರವು ಅವಸರದಿಂದ ಮುಂದೆ ಸಾಗುತ್ತದೆ. ಹೊರಗುಳಿದವರ ಪರವಾಗಿಯೇ ಬರೆದ ಗ್ರಂಥದಲ್ಲಿ ಇದು ಸಣ್ಣ ಕೊರತೆಯಲ್ಲ. ಇನ್ನು ಯಾರನ್ನು ಸಂಬೋಧಿಸಿ ಬರೆದರೋ ಆ ಉಪಾಧ್ಯಾಯಿನಿ! ಎಂಥ ಮಗುವಿನಲ್ಲಿಯೂ ಮನುಷ್ಯನನ್ನು ಕಾಣಬಲ್ಲ ಈ ಬಾಲಕರು ಆಕೆಯಲ್ಲಿ ಒಂದು ವ್ಯವಸ್ಥೆಯ ಮುಖವನ್ನಷ್ಟೇ ಕಂಡರು; ತುಂಬಿದ ತರಗತಿಯ ಮುಂದೆ ಒಬ್ಬಂಟಿಯಾಗಿ ನಿಂತವಳ ಕಷ್ಟಕ್ಕೆ ಅವರ ಚೀಟಿಗಳಲ್ಲಿ ಎಡೆ ಸಿಗಲಿಲ್ಲ.

ಆದರೂ ಅವರ ಮೂಲ ಆರೋಪವನ್ನು ಅಲ್ಲಗಳೆಯಲಾರೆನು. 1962ರ ಕಾನೂನು ಇಟಲಿಯ ಮಕ್ಕಳೆಲ್ಲರಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆಯನ್ನು ವಿಧಿಸಿದ್ದರೂ, ಬಡವರ ಮಕ್ಕಳು ಅಲ್ಲಿಂದ ಉದುರುತ್ತಲೇ ಇದ್ದರು. ಪತ್ರದಲ್ಲಿ ಬರುವ ವೈದ್ಯನ ಮಗ ಪಿಯೆರಿನೋ ಮನೆಯಿಂದಲೇ ಭಾಷೆಯನ್ನು ಹೊತ್ತುಕೊಂಡು ಬರುತ್ತಾನೆ, ಒಕ್ಕಲಿನ ಜಾನ್ನಿಗೆ ಆ ಭಾಷೆಯನ್ನು ಶಾಲೆಯೇ ಕೊಡಬೇಕು. ಕೊಡಬೇಕಾದುದನ್ನು ಕೊಡದೆ, ಅದಿಲ್ಲವೆಂದು ದಂಡಿಸುವುದು ನ್ಯಾಯವೆ? ಯಾರನ್ನೂ ಅನುತ್ತೀರ್ಣಗೊಳಿಸಬೇಡಿ, ಹಿಂದುಳಿದವರಿಗೆ ದಿನವಿಡೀ ಶಾಲೆ ತೆರೆದಿಡಿ, ನಿರುತ್ಸಾಹಿಗಳಿಗೆ ಗುರಿಯೊಂದನ್ನು ಕೊಡಿ ಎಂಬ ಅವರ ಮೂರು ಸೂಚನೆಗಳಲ್ಲಿ ಮೊದಲನೆಯದು ಉಳಿದೆರಡರಿಂದ ಬೇರ್ಪಟ್ಟರೆ ಮಗುವನ್ನು ಅಕ್ಷರವಿಲ್ಲದೆಯೇ ಮೇಲಿನ ತರಗತಿಗೆ ದಾಟಿಸಿದಂತಾಗುತ್ತದೆ. ಮೂರನ್ನೂ ಒಟ್ಟಾಗಿ ನಡೆಸಬಲ್ಲ ಶಾಲೆಗೆ ಮಾತ್ರ ಆ ಮೊದಲನೆಯದನ್ನು ಪಾಲಿಸುವ ಅಧಿಕಾರವಿದೆ.

ಪತ್ರವು ಪ್ರಕಟವಾದ ಕೆಲವೇ ವಾರಗಳಲ್ಲಿ, ಅದೇ ವರ್ಷದ ಜೂನ್ 26ರಂದು, ಬಹುಕಾಲದಿಂದ ರೋಗಪೀಡಿತನಾಗಿದ್ದ ಮಿಲಾನಿ ತೀರಿಕೊಂಡನು. ಬಾರ್ಬಿಯಾನಾದ ಶಾಲೆಯು ಆತನೊಡನೆಯೇ ಮುಗಿಯಿತು. ಒಬ್ಬನ ತೇಜಸ್ಸನ್ನು ನಂಬಿ ನಿಂತ ವ್ಯವಸ್ಥೆಗೆ ಇದು ಅನಿವಾರ್ಯವಾದ ಗತಿ. ಆದರೆ ಆ ಮೇಜು, ಆ ಚೀಟಿಗಳು, ನಿಧಾನಿಗಾಗಿ ಕಾಯುವ ಆ ನಿಯಮ—ಇವಾವುದಕ್ಕೂ ಮಹಾಪುರುಷನ ಅವಶ್ಯಕತೆಯಿಲ್ಲ. ನಮ್ಮ ಅಧ್ಯಾಪಕ ಬಂಧುಗಳು ಈ ಪತ್ರದ ಬಿರುನುಡಿಗಳನ್ನು ಸಹಿಸಿಕೊಂಡು ಓದಲಿ. ತಮ್ಮ ತರಗತಿಯ ಅತಿ ನಿಧಾನಿಯಾದ ಮಗುವಿನೊಡನೆ ನಾಳಿನ ಪಾಠವನ್ನು ಆರಂಭಿಸಲಿ.